ರೈಲ್ವೆ ಕೆಲಸದಿಂದ ಕ್ಯಾನ್ಸರ್ ಬಂದರೆ ಅಮೆರಿಕದಲ್ಲಿ ಪರಿಹಾರ ಸಿಗುವುದು ಹೇಗೆ?

ಅಮೆರಿಕದಲ್ಲಿ ಕಾರ್ಖಾನೆಯಲ್ಲೋ ಗೋದಾಮಿನಲ್ಲೋ ದುಡಿಯುವವರಿಗೆ ಕೆಲಸದ ಜಾಗದಲ್ಲಿ ಪೆಟ್ಟಾದರೆ ಅಥವಾ ಕಾಯಿಲೆ ಬಂದರೆ ಆಯಾ ರಾಜ್ಯದ ವರ್ಕರ್ಸ್ ಕಾಂಪೆನ್ಸೇಷನ್ ವ್ಯವಸ್ಥೆಯಿಂದ ದುಡ್ಡು ಸಿಗುತ್ತದೆ. ತಪ್ಪು ಯಾರದು ಅಂತ ಅಲ್ಲಿ ಕೇಳುವುದಿಲ್ಲ. ಕೆಲಸದಿಂದ ಆಯ್ತಾ, ಇಷ್ಟು ಪರಿಹಾರ, ಮುಗೀತು. ನಮ್ಮಲ್ಲಿ 1923ರಲ್ಲಿ ಬಂದು 2025ರವರೆಗೆ ಜಾರಿಯಲ್ಲಿದ್ದ ಕಾರ್ಮಿಕರ ಪರಿಹಾರ ಕಾಯ್ದೆಯೂ ಹೆಚ್ಚುಕಡಿಮೆ ಇದೇ ಥರದ್ದಾಗಿತ್ತು. ಯಾವ ಕೆಲಸದಿಂದ ಯಾವ ಕಾಯಿಲೆ ಬರಬಹುದು ಅನ್ನೋದಕ್ಕೆ ಒಂದು ಪಟ್ಟಿ, ವಯಸ್ಸು ಮತ್ತು ಸಂಬಳ ನೋಡಿ ಒಂದು ಲೆಕ್ಕ. ಆದರೆ ಅಮೆರಿಕದ ರೈಲ್ವೆ ಕೆಲಸಗಾರರಿಗೆ ಈ ದಾರಿಯೇ ಇಲ್ಲ.

ಗೂಡ್ಸ್ ಗಾಡಿ ಓಡಿಸಿದವರು, ಯಾರ್ಡಿನಲ್ಲಿ ವ್ಯಾಗನ್ ಜೋಡಿಸಿದವರು, ಹಳಿ ನೋಡಿಕೊಳ್ಳುವ ಗ್ಯಾಂಗಿನವರು, ಶೆಡ್ಡಿನಲ್ಲಿ ಎಂಜಿನ್ ಬಿಚ್ಚಿ ಜೋಡಿಸಿದವರು, ಇವರಲ್ಲಿ ಯಾರಿಗೇ ಕೆಲಸದಿಂದ ಕ್ಯಾನ್ಸರ್ ಬಂದರೂ ಕಂಪನಿಯಿಂದಲೇ ಪರಿಹಾರ ಕೇಳಬೇಕು, ಒಪ್ಪದಿದ್ದರೆ ಕೇಸು ಹಾಕಬೇಕು. ಅಲ್ಲಿ ದೊಡ್ಡ ಗೂಡ್ಸ್ ರೈಲ್ವೆಗಳೆಲ್ಲ ಖಾಸಗಿ ಕಂಪನಿಗಳವು. ಪ್ರಯಾಣಿಕರ ಗಾಡಿ ಓಡಿಸುವ ಆ್ಯಮ್‌ಟ್ರ್ಯಾಕ್ ಕೂಡ ಇದೇ ಕಾನೂನಿನಡಿ ಬರುತ್ತದೆ. ಕಾನೂನಿನ ಹೆಸರು ಫೆಡರಲ್ ಎಂಪ್ಲಾಯರ್ಸ್ ಲಯಬಿಲಿಟಿ ಆ್ಯಕ್ಟ್, ಜಾರಿಗೆ ಬಂದದ್ದು 1908ರಲ್ಲಿ. ಅಲ್ಲಿನವರು ಚಿಕ್ಕದಾಗಿ ಫೀಲಾ ಅಂತಾರೆ. ನಾವೂ ಹಾಗೇ ಕರೆಯೋಣ.

ಈ ಕಾನೂನಿನ ಸ್ವಭಾವವನ್ನು ನಾನು ಅರ್ಥ ಮಾಡಿಕೊಂಡಿರುವುದು ಹೀಗೆ: ತಪ್ಪು ತೋರಿಸುವ ವಿಷಯದಲ್ಲಿ ಕೆಲಸಗಾರನಿಗೆ ತುಂಬಾ ಧಾರಾಳ, ಕೇಸು ಹಾಕುವ ತಾರೀಖಿನ ವಿಷಯದಲ್ಲಿ ಮಹಾ ಜಿಪುಣ. ಕಾಲು ಮುರಿದವನಿಗೆ ತಾರೀಖು ಸಮಸ್ಯೆಯೇ ಅಲ್ಲ. ಮೂವತ್ತು ವರ್ಷ ಆದಮೇಲೆ ಕ್ಯಾನ್ಸರ್ ಕಾಣಿಸಿಕೊಂಡವನಿಗೆ ಎಲ್ಲ ತಲೆನೋವೂ ಅಲ್ಲೇ.

ಮೊದಲು ಧಾರಾಳದ ಕಥೆ

ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಅಮೆರಿಕದ ರೈಲ್ವೆ ಕೆಲಸ ಅಂದರೆ ಪ್ರಾಣ ಕೈಯಲ್ಲಿ ಹಿಡಿದುಕೊಂಡು ಹೋಗುವ ಕೆಲಸ. 1889ರಲ್ಲಿ ಅಧ್ಯಕ್ಷ ಬೆಂಜಮಿನ್ ಹ್ಯಾರಿಸನ್ ಸಂಸತ್ತಿಗೆ ಕಳಿಸಿದ ಸಂದೇಶದಲ್ಲಿ ಒಂದೇ ವರ್ಷದ ಲೆಕ್ಕ ಕೊಟ್ಟಿದ್ದರು. 2,000ಕ್ಕೂ ಹೆಚ್ಚು ರೈಲ್ವೆ ನೌಕರರು ಸತ್ತಿದ್ದರು, 20,000ಕ್ಕೂ ಹೆಚ್ಚು ಜನ ಗಾಯಗೊಂಡಿದ್ದರು. ಯುದ್ಧಕಾಲದ ಸೈನಿಕನಿಗಿರುವಷ್ಟು ಅಪಾಯ ಹೊಟ್ಟೆಪಾಡಿಗೆ ದುಡಿಯುವವನಿಗೂ ಇರುವುದು ನಾಚಿಕೆಗೇಡು ಅನ್ನುವ ಅರ್ಥದಲ್ಲಿ ಅವರು ಬರೆದಿದ್ದರು.

ಆಗ ಕೋರ್ಟಿಗೆ ಹೋದರೂ ಕೆಲಸಗಾರನಿಗೆ ಏನೂ ಗಿಟ್ಟುತ್ತಿರಲಿಲ್ಲ. ಕಂಪನಿಯ ಬಳಿ ಮೂರು ಸಿದ್ಧ ಉತ್ತರಗಳಿದ್ದವು. ತಪ್ಪು ನಿನ್ನ ಜೊತೆ ಕೆಲಸ ಮಾಡುವವನದು, ನಮ್ಮದಲ್ಲ. ಅಪಾಯ ಇದೆ ಅಂತ ಗೊತ್ತಿದ್ದೇ ಕೆಲಸಕ್ಕೆ ಸೇರಿದೆ, ಅನುಭವಿಸು. ನಿನ್ನದೂ ಚೂರು ತಪ್ಪಿದೆ, ಹಾಗಾಗಿ ಒಂದು ಪೈಸೆಯೂ ಇಲ್ಲ. 1906ರಲ್ಲಿ ಸಂಸತ್ತು ಒಂದು ಕಾನೂನು ಮಾಡಿತು. ಒಂದೇ ರಾಜ್ಯದೊಳಗಿನ ಕೆಲಸಕ್ಕೂ ಅದು ಕೈಹಾಕಿದೆ ಅಂತ ಸುಪ್ರೀಂ ಕೋರ್ಟ್ ಹೊಡೆದುಹಾಕಿತು. 1908ರಲ್ಲಿ ರಾಜ್ಯ ರಾಜ್ಯಗಳ ನಡುವಿನ ಸಾಗಾಟಕ್ಕೆ ಮಾತ್ರ ಸೀಮಿತ ಮಾಡಿ ಮತ್ತೆ ಬರೆದರು. ಅದು ಉಳಿಯಿತು. ಆ ಮೂರು ಉತ್ತರಗಳಲ್ಲಿ ಮೊದಲನೆಯದನ್ನು ಅದು ಕಿತ್ತುಹಾಕಿತು, ಎರಡನೆಯದನ್ನು 1939ರ ತಿದ್ದುಪಡಿ ಪೂರ್ತಿ ತೆಗೆಯಿತು. ಮೂರನೆಯದು ಉಳಿದಿದೆ, ಆದರೆ ಹಲ್ಲಿಲ್ಲ. ಕೆಲಸಗಾರನದೂ ತಪ್ಪಿದ್ದರೆ ಅಷ್ಟು ಪಾಲು ಕಳೆದು ಉಳಿದದ್ದನ್ನು ಕೊಡಬೇಕು. 2011ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಮೆಕ್‌ಬ್ರೈಡ್ ಅನ್ನುವ ಎಂಜಿನ್ ಚಾಲಕನ ಕೇಸಿನಲ್ಲಿ ಜ್ಯೂರಿ, ಅಂದರೆ ತೀರ್ಮಾನ ಹೇಳಲು ಕೂರಿಸುವ ಸಾಮಾನ್ಯ ನಾಗರಿಕರ ಗುಂಪು, ನಷ್ಟವನ್ನು 2,75,000 ಡಾಲರ್ ಅಂತ ಲೆಕ್ಕ ಹಾಕಿತ್ತು. ಮೂರರಲ್ಲಿ ಒಂದು ಪಾಲು ತಪ್ಪು ಅವನದೇ ಅಂತಲೂ ಹೇಳಿತ್ತು. ಹಾಗಾಗಿ ಅವನಿಗೆ ಬಂದದ್ದು ಸುಮಾರು 1,84,000.

ಇನ್ನು ಕಂಪನಿಯ ತಪ್ಪು ಎಷ್ಟಿರಬೇಕು? ಇಲ್ಲೇ ಇರುವುದು ಮಜಾ. ಮಾಮೂಲಿ ಪರಿಹಾರದ ಕೇಸಿನಲ್ಲಿ ಹಾನಿಗೆ ಮುಖ್ಯ ಕಾರಣ ಎದುರು ಪಾರ್ಟಿಯೇ ಅಂತ ತೋರಿಸಬೇಕಾಗುತ್ತದೆ. ಫೀಲಾದಲ್ಲಿ ಹಾನಿಯ ಹಿಂದೆ ಕಂಪನಿಯ ನಿರ್ಲಕ್ಷ್ಯದ ಪಾಲು ಎಷ್ಟೇ ಸಣ್ಣದಿರಲಿ, ಇದ್ದರೆ ಸಾಕು. 1957ರ ರೋಜರ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತವಾಗಿ ಹೇಳಿತು. ರೋಜರ್ಸ್ ಹಳಿಯ ಪಕ್ಕ ಕಳೆಗೆ ಬೆಂಕಿ ಹಾಕುತ್ತಿದ್ದ ಗ್ಯಾಂಗಿನ ಆಳು. ಒಂದು ರೈಲು ಹಾದುಹೋಯಿತು, ಗಾಳಿಗೆ ಬೆಂಕಿ ಎದ್ದಿತು, ಅವನು ಹಿಂದೆ ಸರಿಯುತ್ತಾ ಮೋರಿಯ ಮೇಲಿನ ಸಡಿಲ ಜಲ್ಲಿಯಲ್ಲಿ ಕಾಲು ಜಾರಿ ಬಿದ್ದ. ಅವನೇ ನೋಡಿಕೊಳ್ಳಬೇಕಿತ್ತು ಅಂತ ರಾಜ್ಯದ ಕೋರ್ಟು ಅಂದಿತ್ತು. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. 1963ರ ಗ್ಯಾಲಿಕ್ ಪ್ರಕರಣ ಇನ್ನೂ ವಿಚಿತ್ರ. ಹಳಿಯ ಹತ್ತಿರ ನಿಂತ ಕೊಳಕು ನೀರು, ಅದರಲ್ಲಿ ಸತ್ತ ಇಲಿ, ಪಾರಿವಾಳ. ಅಲ್ಲಿ ಕೆಲಸ ಮಾಡುತ್ತಿದ್ದವನಿಗೆ ಒಂದು ಹುಳು ಕಚ್ಚಿತು, ಗಾಯ ಕೀವಾಯಿತು, ಕೊನೆಗೆ ಎರಡೂ ಕಾಲು ತೆಗೆಯಬೇಕಾಯಿತು. ಹುಳು ಆ ನೀರಿನಿಂದಲೇ ಬಂತು ಅಂತ ಯಾರು ಸಾಬೀತು ಮಾಡಲು ಸಾಧ್ಯ ಹೇಳಿ? ಆದರೂ ಜ್ಯೂರಿ ಹಾಗೆ ನಂಬಲು ಸಾಕಷ್ಟು ಆಧಾರ ಇದೆ ಅಂತ ಸುಪ್ರೀಂ ಕೋರ್ಟ್ ಹೇಳಿತು.

ಹಾಗಾದರೆ ತಪ್ಪು ಸಾಬೀತು ಮಾಡುವುದು ಸುಲಭ ಅಲ್ವಾ ಅಂತ ಅನಿಸಬಹುದು. ಹುಳು ಕಚ್ಚಿದ್ದಕ್ಕೆ ಸುಲಭ. ಕ್ಯಾನ್ಸರ್‌ಗೆ ಬಂದಾಗ ದಾರಿ ಕಿರಿದಾಗುತ್ತಾ ಹೋಗುತ್ತದೆ.

ಕಾಯಿಲೆಯೂ ಪೆಟ್ಟೇ

1908ರಲ್ಲಿ ಕಾನೂನು ಬರೆದವರ ತಲೆಯಲ್ಲಿ ಇದ್ದದ್ದು ಗಾಲಿಗೆ ಸಿಕ್ಕ ಕೈಕಾಲು. ನಿಧಾನಕ್ಕೆ ಬರುವ ಕಾಯಿಲೆ ಇದರಡಿ ಬರುತ್ತದಾ ಅನ್ನುವ ಪ್ರಶ್ನೆಗೆ ಉತ್ತರ ಸಿಕ್ಕಿದ್ದು 1949ರಲ್ಲಿ, ಊರಿ ಅನ್ನುವ ಫೈರ್‌ಮನ್‌ನ (ಉಗಿ ಎಂಜಿನ್ನಿನ ಬೆಂಕಿ ನೋಡಿಕೊಳ್ಳುವವನ) ಕೇಸಿನಲ್ಲಿ. ಅವನು ಮಿಸೌರಿ ಪೆಸಿಫಿಕ್ ರೈಲ್ವೆಯಲ್ಲಿ ಸುಮಾರು ಮೂವತ್ತು ವರ್ಷ ಉಗಿಬಂಡಿಗಳ ಮೇಲೆ ದುಡಿದವನು. ಚಕ್ರ ಜಾರದಿರಲಿ ಅಂತ ಎಂಜಿನ್ನಿನಿಂದ ಹಳಿಯ ಮೇಲೆ ಮರಳು ಉದುರಿಸುವ ಒಂದು ಸಾಧನ ಇರುತ್ತದೆ. ಅದು ಕೆಟ್ಟಾಗ ಮರಳಿನ ಸಣ್ಣ ದೂಳು ಕ್ಯಾಬಿನ್ನಿಗೆ ನುಗ್ಗುತ್ತಿತ್ತು. ಅವನ ಶ್ವಾಸಕೋಶ ಹಾಳಾಗಿ ಸಿಲಿಕೋಸಿಸ್ ಆಯಿತು, 1940ರಲ್ಲಿ ಕೆಲಸ ಬಿಡಬೇಕಾಯಿತು, 1941ರಲ್ಲಿ ಕೇಸು ಹಾಕಿದ.

ಕೇಸು ಹಾಕಲು ಫೀಲಾ ಕೊಡುವುದು ಮೂರೇ ವರ್ಷ. ಕಂಪನಿ ಜಾಣತನದಿಂದ ಅದನ್ನೇ ಹಿಡಿದುಕೊಂಡಿತು: ನೀನು ದೂಳು ಕುಡಿಯಲು ಶುರು ಮಾಡಿ ದಶಕಗಳೇ ಆದವು, ನಿನ್ನ ವಾಯಿದೆ ಯಾವಾಗಲೋ ಮುಗಿದುಹೋಗಿದೆ. ಸುಪ್ರೀಂ ಕೋರ್ಟ್ ಇದನ್ನು ತಳ್ಳಿಹಾಕಿತು. ಕಾಯಿಲೆಯೂ ಈ ಕಾನೂನಿನ ದೃಷ್ಟಿಯಲ್ಲಿ ಪೆಟ್ಟೇ. ಒಳಗೊಳಗೇ ಬೆಳೆಯುತ್ತಿದ್ದುದನ್ನು ತಿಳಿಯದೇ ಇದ್ದದ್ದು ಅವನ ತಪ್ಪಲ್ಲ. ಹಾಗಾಗಿ ಕಾಯಿಲೆ ಹೊರಗೆ ಕಾಣಿಸಿಕೊಂಡ ಮೇಲೆಯೇ ಗಡಿಯಾರ ಓಡಬೇಕು. ಇವತ್ತು ಕ್ಯಾನ್ಸರ್ ಬಂದ ರೈಲ್ವೆ ಕೆಲಸಗಾರರ ಎಲ್ಲ ಕೇಸುಗಳೂ ನಿಂತಿರುವುದು ಈ ತೀರ್ಪಿನ ಮೇಲೆ.

ಏನು ಉಸಿರಾಡಿದರು

ಉಗಿಬಂಡಿ ಕಾಲದಲ್ಲಿ ಬಾಯ್ಲರ್ ಮತ್ತು ಕೊಳವೆಗಳ ಸುತ್ತ ಬಿಸಿ ತಡೆಯಲು ಆಸ್ಬೆಸ್ಟಾಸ್ ಸುತ್ತುತ್ತಿದ್ದರು. ರಿಪೇರಿ ಬಂದಾಗ ಅದನ್ನು ಕೈಯಲ್ಲೇ ಕಿತ್ತು ಹೊಸದು ಮೆತ್ತುತ್ತಿದ್ದರು. ಡೀಸೆಲ್ ಎಂಜಿನ್ ಬಂದಮೇಲೂ ಬ್ರೇಕ್ ಶೂಗಳಲ್ಲಿ, ಗ್ಯಾಸ್ಕೆಟ್ಟುಗಳಲ್ಲಿ ಅದು ಉಳಿದಿತ್ತು. ಮರದ ಸ್ಲೀಪರ್ ಕೊಳೆಯದಿರಲಿ ಅಂತ ಬಳಿಯುವ ಕ್ರಿಯೋಸೋಟ್, ಜಲ್ಲಿ ಸುರಿಯುವಾಗ ಏಳುವ ಸಿಲಿಕಾ ದೂಳು, ಬಿಡಿಭಾಗ ತೊಳೆಯುವ ದ್ರಾವಕಗಳಲ್ಲಿದ್ದ ಬೆಂಜೀನ್, ವೆಲ್ಡಿಂಗ್ ಹೊಗೆ, ಹಳಿಯುದ್ದಕ್ಕೂ ಹೊಡೆಯುವ ಕಳೆನಾಶಕ. ಪೆನ್ಸಿಲ್ವೇನಿಯಾದ ಪಯೋಲಿಯಲ್ಲಿ ವಿದ್ಯುತ್ ರೈಲುಗಳ ಟ್ರಾನ್ಸ್‌ಫಾರ್ಮರ್‌ಗಳಿಂದ ಸೋರಿದ ಪಿಸಿಬಿ ರಾಸಾಯನಿಕ ಒಂದಿಡೀ ಯಾರ್ಡನ್ನು ಕೆಡಿಸಿತು. ಸರ್ಕಾರ ಅದನ್ನು ದೇಶದ ಅತಿ ಕಲುಷಿತ ಜಾಗಗಳ ಪಟ್ಟಿಗೆ ಸೇರಿಸಿ ಶುಚಿ ಮಾಡಿಸಬೇಕಾಯಿತು.

ಇವೆಲ್ಲಕ್ಕಿಂತ ಹೆಚ್ಚು ಜನರನ್ನು ಮುಟ್ಟುವುದು ಡೀಸೆಲ್ ಹೊಗೆ. 1959ರ ಹೊತ್ತಿಗೆ ಅಮೆರಿಕದ ಎಂಜಿನ್ನುಗಳಲ್ಲಿ ಶೇ 95ರಷ್ಟು ಡೀಸೆಲ್ ಆಗಿದ್ದವು. ಯಾರ್ಡಿನಲ್ಲಿ ಗಂಟೆಗಟ್ಟಲೆ ಆಫ್ ಮಾಡದೇ ನಿಂತ ಎಂಜಿನ್ನುಗಳು, ಬಾಗಿಲು ಮುಚ್ಚಿದ ಶೆಡ್ಡು, ಸುರಂಗ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 1988ರಲ್ಲಿ ಡೀಸೆಲ್ ಹೊಗೆಯನ್ನು 'ಬಹುಶಃ ಕ್ಯಾನ್ಸರ್‌ಕಾರಕ' ಅಂದಿತ್ತು. 2012ರ ಜೂನ್‌ನಲ್ಲಿ 'ಬಹುಶಃ' ತೆಗೆದುಹಾಕಿ, ಮನುಷ್ಯರಲ್ಲಿ ಶ್ವಾಸಕೋಶದ ಕ್ಯಾನ್ಸರ್ ತರುತ್ತದೆ ಅಂತ ನೇರವಾಗಿ ಹೇಳಿತು. ಮೂತ್ರಕೋಶದ ಕ್ಯಾನ್ಸರ್‌ಗೆ ಸಾಕ್ಷ್ಯ ಇದೆ, ಆದರೆ ಸೀಮಿತ ಅಂದಿತು. ವಕೀಲರಿಗೆ ಈ ವ್ಯತ್ಯಾಸ ತುಂಬಾ ಮುಖ್ಯ. ಶ್ವಾಸಕೋಶದ ಕ್ಯಾನ್ಸರ್ ಆಗಿದ್ದರೆ ಕೇಸು ಒಂದು ಮಟ್ಟದಲ್ಲಿ ಶುರುವಾಗುತ್ತದೆ, ಬೇರೆ ಯಾವುದೋ ಕ್ಯಾನ್ಸರ್ ಆಗಿದ್ದರೆ ನಾಲ್ಕು ಮೆಟ್ಟಿಲು ಕೆಳಗಿಂದ.

ಕಾರಣ ತೋರಿಸುವ ಕಷ್ಟ

ಕೋರ್ಟು ಇಲ್ಲಿ ಎರಡು ಪ್ರಶ್ನೆ ಕೇಳುತ್ತದೆ. ಈ ವಸ್ತುವಿನಿಂದ ಈ ಕ್ಯಾನ್ಸರ್ ಬರಬಹುದಾ? ಬರಬಹುದು ಅಂತಾದರೆ, ಈ ಮನುಷ್ಯನಿಗೆ ಬಂದದ್ದು ಅದರಿಂದಲೇನಾ?

ಒಂದು ನಿಜವಾದ ಅಧ್ಯಯನ ಇಟ್ಟುಕೊಂಡು ನೋಡೋಣ. ಅಮೆರಿಕದ 54,973 ರೈಲ್ವೆ ಕೆಲಸಗಾರರನ್ನು 1959ರಿಂದ 1996ರವರೆಗೆ ಹಿಂಬಾಲಿಸಿದ ಅಧ್ಯಯನ ಒಂದಿದೆ, 2004ರಲ್ಲಿ ಪ್ರಕಟವಾಯಿತು. ಡೀಸೆಲ್ ಹೊಗೆಯ ನಡುವೆ ದುಡಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಸಾವು ಉಳಿದವರಿಗಿಂತ ಸುಮಾರು ಶೇ 40ರಷ್ಟು ಜಾಸ್ತಿ ಇತ್ತು. ಅಂದರೆ, ಹೊಗೆ ಇಲ್ಲದ ಕಡೆ 100 ಜನ ಸತ್ತರೆ ಅಷ್ಟೇ ದೊಡ್ಡ ಗುಂಪಿನಲ್ಲಿ ಹೊಗೆ ಇದ್ದ ಕಡೆ 140. ಈಗ ಆ 140ರಲ್ಲಿ ಒಬ್ಬ ನಿಮ್ಮ ಕಕ್ಷಿದಾರ. ಅವನು ಹೊಗೆಯಿಂದ ಹೆಚ್ಚಾದ 40ರಲ್ಲಿ ಒಬ್ಬನಾ, ಹೇಗೂ ಬರುತ್ತಿದ್ದ 100ರಲ್ಲಿ ಒಬ್ಬನಾ? ಯಾವ ಸ್ಕ್ಯಾನೂ ಇದನ್ನು ಹೇಳುವುದಿಲ್ಲ. ಗಡ್ಡೆಯ ಮೇಲೆ ಡೀಸೆಲ್ ಅಂತ ಬರೆದಿರುವುದಿಲ್ಲ. ಮಾಮೂಲಿ ಕೋರ್ಟಿನ ಅಳತೆಯಲ್ಲಿ, ಅಂದರೆ ಅರ್ಧಕ್ಕಿಂತ ಜಾಸ್ತಿ ಸಾಧ್ಯತೆ ಇರಬೇಕು ಅನ್ನುವ ಅಳತೆಯಲ್ಲಿ, 140ರಲ್ಲಿ 40 ಅನ್ನುವ ಲೆಕ್ಕ ಒಂದೇ ಇಟ್ಟುಕೊಂಡು ಹೋದರೆ ಗೆಲ್ಲುವುದು ಕಷ್ಟ. ಫೀಲಾದ 'ಚೂರು ಪಾಲಿದ್ದರೂ ಸಾಕು' ಅನ್ನುವ ನಿಯಮ ನಿಜವಾಗಿ ಕೈಹಿಡಿಯುವುದು ಇಂಥ ಕಡೆ. ಅದೇ ಅಧ್ಯಯನದಲ್ಲಿ ಕಂಪನಿ ವಕೀಲರಿಗೆ ಬೇಕಾದ ಒಂದು ಮಾತೂ ಇದೆ: ಕೆಲಸ ಮಾಡಿದ ವರ್ಷಗಳು ಜಾಸ್ತಿಯಾದಂತೆ ಅಪಾಯ ಏರುತ್ತಾ ಹೋಗಲಿಲ್ಲ. ಅವರು ಅದನ್ನು ಎತ್ತದೇ ಬಿಡುತ್ತಾರಾ?

ಆದರೆ ಆ ನಿಯಮ ಕೈಹಿಡಿಯಬೇಕಾದರೆ ಕೇಸು ಮೊದಲು ಜ್ಯೂರಿಯವರೆಗೆ ತಲುಪಬೇಕಲ್ಲ. ಕ್ಯಾನ್ಸರ್ ವಿಷಯದಲ್ಲಿ ತಜ್ಞ ವೈದ್ಯರ, ವಿಜ್ಞಾನಿಗಳ ಸಾಕ್ಷ್ಯ ಇಲ್ಲದೆ ಆಗುವುದಿಲ್ಲ. ಆ ಸಾಕ್ಷ್ಯ ವೈಜ್ಞಾನಿಕವಾಗಿ ಗಟ್ಟಿ ಇದೆಯಾ ಅಂತ ನ್ಯಾಯಾಧೀಶರೇ ಮೊದಲು ಜರಡಿ ಹಿಡಿಯುತ್ತಾರೆ. ಫೆಡರಲ್ ಕೋರ್ಟುಗಳಲ್ಲಿ, ಅಂದರೆ ಕೇಂದ್ರದ ಕೋರ್ಟುಗಳಲ್ಲಿ, 1993ರ ಡಾಬರ್ಟ್ ತೀರ್ಪಿನಿಂದ ಇದು ಕಡ್ಡಾಯ. ಫೀಲಾದಲ್ಲಿ ಹೊರೆ ಹಗುರ ಅಂತ ಈ ಜರಡಿಯ ಕಣ್ಣು ದೊಡ್ಡದಾಗುವುದಿಲ್ಲ. "ಮೂವತ್ತು ವರ್ಷ ಹೊಗೆ ಕುಡಿದಿದ್ದಾನೆ, ಹೊಗೆ ಕ್ಯಾನ್ಸರ್ ತರುತ್ತದೆ, ಆದ್ದರಿಂದ ಇದು ಹೊಗೆಯಿಂದಲೇ ಬಂದದ್ದು" ಅಂತ ತಜ್ಞರು ಸುಮ್ನೆ ಹೇಳಿದರೆ ನಡೆಯುವುದಿಲ್ಲ. ಎಷ್ಟು ಹೊಗೆ, ಎಷ್ಟು ಹೊತ್ತು, ಕಿಟಕಿ ತೆಗೆದಿತ್ತಾ, ಶೆಡ್ಡಿನ ಫ್ಯಾನ್ ಓಡುತ್ತಿತ್ತಾ, ಮಾಸ್ಕ್ ಕೊಟ್ಟಿದ್ದರಾ? 1970ರ ದಶಕದ ಗಾಳಿಯನ್ನು ಯಾರೂ ಅಳೆದು ಇಟ್ಟಿರುವುದಿಲ್ಲ. ಹಾಗಾಗಿ ಕೆಲಸಗಾರನ ನೆನಪು, ಜೊತೆಯವರ ಹೇಳಿಕೆ, ಯೂನಿಯನ್ನಿಗೆ ಬರೆದ ದೂರು, ಕಂಪನಿಯ ಹಳೇ ಪತ್ರ, ಇವುಗಳಿಂದಲೇ ಚಿತ್ರ ಕಟ್ಟಬೇಕು. ಜ್ಯೂರಿಯ ಮುಖ ನೋಡುವ ಮೊದಲೇ ಸಾಯುವ ಕೇಸುಗಳು ಸಾಯುವುದು ಹೆಚ್ಚಾಗಿ ಈ ಹಂತದಲ್ಲಿ.

ಭಾರತದ ಸುಪ್ರೀಂ ಕೋರ್ಟ್ ಈ ವಿಷಯದಲ್ಲಿ ಒಂದು ಒಳ್ಳೇ ಕೆಲಸ ಮಾಡಿದೆ, ಇಲ್ಲಿ ಹೇಳಲೇಬೇಕು. 1995ರಲ್ಲಿ ಆಸ್ಬೆಸ್ಟಾಸ್ ಕಾರ್ಮಿಕರ ಪ್ರಕರಣದಲ್ಲಿ, ಪ್ರತಿ ಕೆಲಸಗಾರನ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದ ದಿನದಿಂದ 40 ವರ್ಷ ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಎರಡರಲ್ಲಿ ಯಾವುದು ಆಮೇಲೆ ಬರುತ್ತದೋ ಅಲ್ಲಿಯವರೆಗೆ ಇಡಬೇಕು ಅಂತ ಅದು ಕಾರ್ಖಾನೆಗಳಿಗೆ ಆದೇಶಿಸಿತು. ಪಾಲನೆ ಹೇಗಿದೆ ಅನ್ನುವುದು ಬೇರೆ ಮಾತು. ಆದರೆ ಈ ಥರದ ಕಾಯಿಲೆಯಲ್ಲಿ ಕಾಗದಪತ್ರವೇ ಅರ್ಧ ಕೇಸು ಅಂತ ಆ ನ್ಯಾಯಾಧೀಶರಿಗೆ ಗೊತ್ತಿತ್ತು.

ಸಿಗರೇಟು ಸೇದುತ್ತಿದ್ದವನ ಕಥೆ? ಕಂಪನಿಯ ಮೊದಲ ಬಾಣವೇ ಅದು. ಎಲ್ಲವೂ ಸಿಗರೇಟಿನಿಂದಲೇ ಅಂತ ಜ್ಯೂರಿ ನಂಬಿದರೆ ಕೇಸು ಹೋಯಿತು. ಸ್ವಲ್ಪ ಅದು, ಸ್ವಲ್ಪ ಇದು ಅಂತ ನಂಬಿದರೆ ಪರಿಹಾರ ಕಡಿಮೆಯಾಗಬಹುದು, ಆದರೆ ಕೇಸು ಉಳಿಯುತ್ತದೆ. ಸಿಗರೇಟೂ ಆಸ್ಬೆಸ್ಟಾಸೂ ಸೇರಿದಾಗ ಅಪಾಯ ಬರೀ ಕೂಡುವುದಿಲ್ಲ, ಒಂದನ್ನೊಂದು ಹೆಚ್ಚಿಸುತ್ತದೆ ಅನ್ನುವುದೂ ಇಲ್ಲಿ ಕೆಲಸಗಾರನ ಪರವಾಗಿ ಬರುವ ಮಾತು.

ಇನ್ನೊಂದು ಒಳದಾರಿ ಇದೆ, ಹೊರಗಿನವರಿಗೆ ಅಷ್ಟಾಗಿ ಗೊತ್ತಿರುವುದಿಲ್ಲ. ಎಂಜಿನ್ನಿನ ಸುರಕ್ಷತೆಗೆ ಅಂತಲೇ ಇರುವ ಲೋಕೋಮೋಟಿವ್ ಇನ್ಸ್‌ಪೆಕ್ಷನ್ ಆ್ಯಕ್ಟ್ ಅಡಿಯ ಒಂದು ನಿಯಮದ ಪ್ರಕಾರ, ಎಂಜಿನ್ ಉಗುಳುವ ಹೊಗೆ ಪೂರ್ತಿಯಾಗಿ ಕ್ಯಾಬಿನ್ನಿನ ಹೊರಗೇ ಹೋಗಬೇಕು. ಹೊಗೆ ಒಳಗೆ ಬರುತ್ತಿತ್ತು ಅಂತ ತೋರಿಸಿದರೆ ಅದೇ ಕಾನೂನು ಉಲ್ಲಂಘನೆ, ಬೇರೆ ನಿರ್ಲಕ್ಷ್ಯ ಹುಡುಕಬೇಕಿಲ್ಲ. ಜೊತೆಗೆ, ಸುರಕ್ಷತಾ ಕಾನೂನು ಮುರಿದ ಕಂಪನಿ ಕೆಲಸಗಾರನ ಪಾಲಿನ ತಪ್ಪನ್ನು ಕಳೆಯುವಂತೆಯೂ ಇಲ್ಲ. ಊರಿಯ ಕೆಟ್ಟ ಮರಳು ಸಾಧನವೂ ಈ ಕಾನೂನಿನ ಹಿಂದಿನ ರೂಪದಡಿಯೇ ಬಂದಿತ್ತು. "ಕ್ಯಾಬಿನ್ನಿನಲ್ಲಿ ಹೊಗೆ" ಅಂತ ಯಾವತ್ತೋ ಲಾಗ್ ಪುಸ್ತಕದಲ್ಲಿ ಗೀಚಿದ ಒಂದು ಸಾಲಿಗೆ ಇಪ್ಪತ್ತು ವರ್ಷದ ಮೇಲೆ ಬೆಲೆ ಬರುವುದು ಹೀಗೆ.

ಇದೇ ಕಾನೂನಿಗೆ ಇನ್ನೊಂದು ಮುಖವೂ ಇದೆ. ಮಿಲ್ವಾಕೀ ರೈಲ್ವೆಯಲ್ಲಿ 1947ರಿಂದ 1974ರವರೆಗೆ ವೆಲ್ಡರ್ ಆಗಿ, ಮೆಶಿನಿಸ್ಟ್ ಆಗಿ ಎಂಜಿನ್ ರಿಪೇರಿ ಮಾಡಿದ ಒಬ್ಬರಿಗೆ ಮೀಸೋಥೀಲಿಯೋಮಾ (ಹೆಚ್ಚಾಗಿ ಆಸ್ಬೆಸ್ಟಾಸ್‌ನಿಂದ ಬರುವ ಒಂದು ಕ್ಯಾನ್ಸರ್) ಕಾಣಿಸಿಕೊಂಡದ್ದು 2005ರಲ್ಲಿ. ಕೆಲಸ ಬಿಟ್ಟು 31 ವರ್ಷ ಆಗಿತ್ತು! ಅವರು ಆಸ್ಬೆಸ್ಟಾಸ್ ಇದ್ದ ಬಿಡಿಭಾಗ ಮಾಡಿದ, ಮಾರಿದ ಕಂಪನಿಗಳ ಮೇಲೆ ರಾಜ್ಯದ ಕಾನೂನಿನಡಿ ಕೇಸು ಹಾಕಿದರು. ಎಂಜಿನ್ ಭಾಗಗಳ ವಿಷಯ ಪೂರ್ತಿ ಫೆಡರಲ್ ಕಾನೂನಿಗೆ ಬಿಟ್ಟದ್ದು, ರಾಜ್ಯದ ಕಾನೂನು ಅಲ್ಲಿ ಬರುವಂತಿಲ್ಲ ಅಂತ 2012ರಲ್ಲಿ ಸುಪ್ರೀಂ ಕೋರ್ಟ್ ಆ ಬಾಗಿಲು ಮುಚ್ಚಿತು. ಆ ಹೊತ್ತಿಗೆ ಅವರು ತೀರಿಕೊಂಡಿದ್ದರು. ಬ್ರೇಕ್ ಶೂ ಮಾಡಿದವನನ್ನು ಹಿಡಿಯುವಂತಿಲ್ಲ, ರೈಲ್ವೆಯನ್ನು ಮಾತ್ರ ಹಿಡಿಯಬಹುದು ಅನ್ನುವುದು ನನಗೇನೋ ಸರಿ ಕಾಣುವುದಿಲ್ಲ. ಆದರೆ ಈಗಿರುವ ಕಾನೂನು ಅದು.

ಮೂರು ವರ್ಷದ ಗಡಿಯಾರ

ಊರಿ ತೀರ್ಪು ಗಡಿಯಾರವನ್ನು ತಡವಾಗಿ ಶುರು ಮಾಡಿತು ಅಂದೆನಲ್ಲ. ಆದರೆ ಎಷ್ಟು ತಡವಾಗಿ? ಕಾಯಿಲೆ ಇದೆ ಅಂತಲೂ, ಅದಕ್ಕೆ ಕೆಲಸ ಕಾರಣ ಇರಬಹುದು ಅಂತಲೂ ನಿಮಗೆ ತಿಳಿದಾಗ, ಅಥವಾ ತಿಳಿಯಬೇಕಾಗಿದ್ದಾಗ. ಈ 'ತಿಳಿಯಬೇಕಾಗಿದ್ದಾಗ' ಅನ್ನುವುದೇ ಅಪಾಯ. ರೋಗ ಪತ್ತೆಯಾದ ದಿನ ಡಾಕ್ಟರು "ಏನು ಕೆಲಸ ಮಾಡ್ತಿದ್ರಿ?" ಅಂತ ಕೇಳಿ ಫೈಲಿನಲ್ಲಿ ಡೀಸೆಲ್ ಅಂತ ಬರೆದುಕೊಂಡಿದ್ದರೆ, ಗಡಿಯಾರ ಅವತ್ತೇ ಶುರುವಾಯಿತು ಅಂತ ಕಂಪನಿ ವಾದಿಸುತ್ತದೆ. ಕೀಮೋ, ಆಪರೇಷನ್, ಮತ್ತೆ ಕೀಮೋ ಅನ್ನುತ್ತಾ ಆಸ್ಪತ್ರೆ ಅಲೆಯುವವರಿಗೆ ಮೂರು ವರ್ಷ ಕಳೆದದ್ದೇ ಗೊತ್ತಾಗುವುದಿಲ್ಲ. ಹಾಗಾಗಿ ಅಲ್ಲಿನ ಯಾವ ವಕೀಲರನ್ನು ಕೇಳಿದರೂ ರೋಗ ಪತ್ತೆಯಾದ ದಿನದಿಂದಲೇ ಎಣಿಸಿ ಅಂತಾರೆ. ಅದೇ ಕ್ಷೇಮ.

ತೀರಿಕೊಂಡರೆ ಮನೆಯವರಿಗೆ ಹೊಸದಾಗಿ ಮೂರು ವರ್ಷ ಸಿಗುತ್ತದಾ? ಅವರು ಬದುಕಿದ್ದಾಗಲೇ ವಾಯಿದೆ ಮುಗಿದಿದ್ದರೆ ಇಲ್ಲ. 1931ರ ಫ್ಲಿನ್ ಪ್ರಕರಣದಲ್ಲೇ ಇದು ತೀರ್ಮಾನವಾಗಿದೆ. ಆ ನೌಕರ ಗಾಯಗೊಂಡದ್ದು 1923ರಲ್ಲಿ, ಸತ್ತದ್ದು 1928ರಲ್ಲಿ. ನಡುವೆ ಕೇಸು ಹಾಕಿರಲಿಲ್ಲ. ಅವನ ಹಕ್ಕು ಮುಗಿದ ಮೇಲೆ ಮನೆಯವರ ಹಕ್ಕೂ ಮುಗಿಯಿತು ಅಂತ ಕೋರ್ಟು ಹೇಳಿತು. ಗಂಡ ಹುಷಾರಿಲ್ಲದೆ ಮಲಗಿರುವಾಗ ಕೇಸಿನ ಮಾತು ಎತ್ತುವುದು ಹೆಂಡತಿಗೆ ಎಷ್ಟು ಕಷ್ಟ ಅಂತ ಆ ನಿಯಮಕ್ಕೆ ಗೊತ್ತಿಲ್ಲ.

ಬೇಗ ಬಂದರೂ ತೊಂದರೆ ಇದೆ. ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣದ ಕೆಳಗೆ ಉಗಿ ಕೊಳವೆಗಳ ಸುರಂಗಗಳಿವೆ. 1985ರಿಂದ 1988ರವರೆಗೆ ಬಕ್ಲಿ ಅನ್ನುವ ಪೈಪ್‌ಫಿಟ್ಟರ್ ಅಲ್ಲಿ ದಿನಕ್ಕೆ ಸುಮಾರು ಒಂದು ಗಂಟೆ ಕೊಳವೆಗಳ ಮೇಲಿನ ಆಸ್ಬೆಸ್ಟಾಸ್ ಕೀಳುತ್ತಿದ್ದ. ಮೈಮೇಲೆಲ್ಲ ಬಿಳಿ ದೂಳು ಕೂತ ಈ ಕೆಲಸಗಾರರನ್ನು 'ಗ್ರ್ಯಾಂಡ್ ಸೆಂಟ್ರಲ್‌ನ ಹಿಮಮಾನವರು' ಅಂತಲೇ ಕರೆಯುತ್ತಿದ್ದರು. ಅದು ಏನು ಅಂತ ಆಸ್ಬೆಸ್ಟಾಸ್ ಬಗ್ಗೆ ತಿಳಿಸುವ ತರಗತಿಯಲ್ಲಿ ಗೊತ್ತಾದ ಮೇಲೆ ಅವನಿಗೆ ಕ್ಯಾನ್ಸರ್ ಭಯ ಹಿಡಿಯಿತು. ಕಂಪನಿ ತನ್ನ ನಿರ್ಲಕ್ಷ್ಯವನ್ನು ಒಪ್ಪಿಕೊಂಡಿತ್ತು. ಆದರೂ 1997ರಲ್ಲಿ ಸುಪ್ರೀಂ ಕೋರ್ಟ್, ಕಾಯಿಲೆಯ ಲಕ್ಷಣ ಕಾಣುವವರೆಗೆ ಬರೀ ಭಯಕ್ಕೆ ಪರಿಹಾರ ಇಲ್ಲ, ಮುಂದಿನ ತಪಾಸಣೆಗಳಿಗೆ ಅಂತ ಇಡಿಗಂಟು ಕೊಡಿಸುವುದಿಲ್ಲ ಅಂದಿತು. ಆರು ವರ್ಷದ ನಂತರ, 2003ರ ಏಯರ್ಸ್ ಪ್ರಕರಣದಲ್ಲಿ, ಆಗಲೇ ಆಸ್ಬೆಸ್ಟೋಸಿಸ್ (ಆಸ್ಬೆಸ್ಟಾಸ್ ದೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ) ಆಗಿದ್ದ ಆರು ಜನ ಮಾಜಿ ನೌಕರರಿಗೆ ಅದೇ ಕೋರ್ಟು ಭಯಕ್ಕೂ ಪರಿಹಾರ ಒಪ್ಪಿತು. ಭಯ ನಿಜವಾದದ್ದು ಮತ್ತು ಗಂಭೀರವಾದದ್ದು ಅಂತ ತೋರಿಸಬೇಕು, ಅಷ್ಟೆ. ಮೈಯಲ್ಲಿ ಕಾಯಿಲೆ ಇದ್ದರೆ ಮನಸ್ಸಿನ ಭಯಕ್ಕೂ ಬೆಲೆ, ಇಲ್ಲದಿದ್ದರೆ ಇಲ್ಲ.

ಸಹಿ ಹಾಕುವ ಮೊದಲು

ರೈಲ್ವೆ ಕಂಪನಿಗಳು ಜನರನ್ನು ಕಡಿಮೆ ಮಾಡುವಾಗ, ಹಳೇ ಪೆಟ್ಟಿನ ಕೇಸು ರಾಜಿ ಮಾಡುವಾಗ, ಒಂದಿಷ್ಟು ದುಡ್ಡು ಕೊಟ್ಟು 'ಮುಂದೆ ಏನೇ ಬಂದರೂ ಕೇಸು ಹಾಕುವುದಿಲ್ಲ' ಅಂತ ಬರೆಸಿಕೊಳ್ಳುವುದುಂಟು. ಕಂಪನಿಯನ್ನು ಹೊಣೆಯಿಂದ ಬಿಡಿಸುವ ಕರಾರು ಅಸಿಂಧು ಅಂತ ಫೀಲಾದಲ್ಲೇ ಬರೆದಿದೆ. ಆದರೆ ಪೂರ್ತಿ ನೆಮ್ಮದಿಯಿಂದ ಇರುವಂತಿಲ್ಲ. 1997ರಲ್ಲಿ ಒಂದು ಮೇಲ್ಮನವಿ ಕೋರ್ಟು, ಆಗಲೇ ಗೊತ್ತಿದ್ದ ನಿರ್ದಿಷ್ಟ ಪೆಟ್ಟಿಗೆ ಮಾತ್ರ ಇಂಥ ಸಹಿ ನಡೆಯುತ್ತದೆ ಅಂದಿತು. ಮರುವರ್ಷ ಇನ್ನೊಂದು ಕೋರ್ಟು, ಗೊತ್ತಿದ್ದ ಅಪಾಯವನ್ನು ಸ್ಪಷ್ಟವಾಗಿ ಹೆಸರಿಸಿದ್ದರೆ ಮುಂದೆ ಬರುವ ಕಾಯಿಲೆಗೂ ನಡೆಯಬಹುದು ಅಂದಿತು. ದೇಶದ ಯಾವ ಭಾಗದಲ್ಲಿ ಕೇಸು ನಡೆಯುತ್ತದೆ ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ.

ಎಲ್ಲಿ ಕೇಸು ಹಾಕಬೇಕು ಅನ್ನುವುದೇ ಒಂದು ಯುದ್ಧ. ಫೀಲಾ ಕೇಸನ್ನು ರಾಜ್ಯದ ಕೋರ್ಟಿನಲ್ಲೂ ಹಾಕಬಹುದು, ಫೆಡರಲ್ ಕೋರ್ಟಿನಲ್ಲೂ ಹಾಕಬಹುದು. ರಾಜ್ಯದ ಕೋರ್ಟಿನಲ್ಲಿ ಹಾಕಿದರೆ ಕಂಪನಿ ಅದನ್ನು ಎಳೆದುಕೊಂಡು ಫೆಡರಲ್ ಕೋರ್ಟಿಗೆ ಹೋಗುವಂತಿಲ್ಲ. ಆದರೆ ಯಾವ ರಾಜ್ಯ? ಮೂತ್ರಪಿಂಡದ ಕ್ಯಾನ್ಸರಿನಿಂದ ಗಂಡನನ್ನು ಕಳೆದುಕೊಂಡ ಟೈರಲ್ ಅನ್ನುವವರು ಮೊಂಟಾನಾದಲ್ಲಿ ಬಿಎನ್‌ಎಸ್‌ಎಫ್ ಅನ್ನುವ ರೈಲ್ವೆ ಕಂಪನಿಯ ಮೇಲೆ ಕೇಸು ಹಾಕಿದ್ದರು. ಅಲ್ಲಿ ಆ ಕಂಪನಿಗೆ 2,000 ಮೈಲಿಗೂ ಹೆಚ್ಚು ಹಳಿ ಇತ್ತು, 2,000ಕ್ಕೂ ಹೆಚ್ಚು ನೌಕರರಿದ್ದರು. ಗಂಡ ಕೆಲಸ ಮಾಡಿದ್ದು ಬೇರೆ ರಾಜ್ಯಗಳಲ್ಲಿ, ಕಂಪನಿಯ ಮುಖ್ಯ ಕಚೇರಿಯೂ ಇಲ್ಲಿಲ್ಲ, ಆದ್ದರಿಂದ ಆಗುವುದಿಲ್ಲ ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆರು ವರ್ಷ ಬಿಟ್ಟು ಮ್ಯಾಲರಿ ಬಂದರು. ನಾರ್ಫೋಕ್ ಸದರ್ನ್‌ನಲ್ಲಿ ಸುಮಾರು ಇಪ್ಪತ್ತು ವರ್ಷ ಮೊದಲು ಒಹಾಯೋ, ಆಮೇಲೆ ವರ್ಜೀನಿಯಾದಲ್ಲಿ ವ್ಯಾಗನ್ ಮೆಕ್ಯಾನಿಕ್. ಕೊಳವೆಗಳ ಮೇಲೆ ಆಸ್ಬೆಸ್ಟಾಸ್ ಸಿಂಪಡಿಸಿದ್ದೆ, ಪೇಂಟ್ ಶಾಪಿನಲ್ಲಿ ರಾಸಾಯನಿಕ ಮುಟ್ಟಿದ್ದೆ ಅನ್ನುವುದು ಅವರ ದೂರು. ಕೇಸು ಹಾಕಿದ್ದು ಪೆನ್ಸಿಲ್ವೇನಿಯಾದಲ್ಲಿ. ಅವರು ಅಲ್ಲಿ ಕೆಲಸವನ್ನೇ ಮಾಡಿರಲಿಲ್ಲ! ಆದರೆ ಆ ರಾಜ್ಯದಲ್ಲಿ ನೋಂದಾಯಿಸಿಕೊಳ್ಳುವ ಹೊರಗಿನ ಕಂಪನಿ ಅಲ್ಲಿನ ಕೋರ್ಟುಗಳಿಗೆ ಒಪ್ಪಿಗೆ ಕೊಟ್ಟಂತೆ ಅಂತ ರಾಜ್ಯದ ಕಾನೂನು ಇತ್ತು. 2023ರಲ್ಲಿ ಐದು ನಾಲ್ಕರ ಬಹುಮತದಿಂದ ಸುಪ್ರೀಂ ಕೋರ್ಟ್, ಸಂವಿಧಾನದ 'ಡ್ಯೂ ಪ್ರಾಸೆಸ್' (ನ್ಯಾಯಬದ್ಧ ಕ್ರಮ) ವಿಧಿ ಇದಕ್ಕೆ ಅಡ್ಡ ಬರುವುದಿಲ್ಲ ಅಂದಿತು. ಅಷ್ಟೆಲ್ಲ ನಡೆದದ್ದು ಎಲ್ಲಿ ಕೂತು ವಾದ ಮಾಡಬೇಕು ಅನ್ನುವುದಕ್ಕೆ. ಕ್ಯಾನ್ಸರ್ ಯಾತರಿಂದ ಬಂತು ಅನ್ನುವ ಪ್ರಶ್ನೆಯನ್ನು ಆ ಕೋರ್ಟು ಮುಟ್ಟಲೇ ಇಲ್ಲ.

ದುಡ್ಡಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ, ಯಾಕೆಂದರೆ ಅದಕ್ಕೆ ಕೋಷ್ಟಕ ಇಲ್ಲ. ಹೋದ ಸಂಬಳ, ಮುಂದೆ ಬರಬೇಕಾಗಿದ್ದ ಸಂಬಳ, ಆಸ್ಪತ್ರೆ ಖರ್ಚು, ಪಟ್ಟ ನೋವು, ಎಲ್ಲಕ್ಕೂ ಜ್ಯೂರಿ ಬೆಲೆ ಕಟ್ಟುತ್ತದೆ. ನೋವಿಗೆ ಕೊಡುವ ದುಡ್ಡು ವರ್ಕರ್ಸ್ ಕಾಂಪೆನ್ಸೇಷನ್‌ನಲ್ಲಿ ಸಾಮಾನ್ಯವಾಗಿ ಇಲ್ಲ, ಫೀಲಾದಲ್ಲಿ ಇದೆ. ಯೂನಿಯನ್ನುಗಳು ಇದನ್ನು ಬಿಟ್ಟುಕೊಡಲು ಒಪ್ಪದಿರುವುದಕ್ಕೆ ಇದೂ ಒಂದು ಕಾರಣ. ಕಂಪನಿಗೆ ಬುದ್ಧಿ ಕಲಿಸಲು ಅಂತ ದಂಡದ ರೂಪದ ಪರಿಹಾರ ಮಾತ್ರ ಸಿಗುವುದಿಲ್ಲ. ರೈಲ್ವೆಯವರ ಪಿಂಚಣಿ, ಅಂಗವೈಕಲ್ಯದ ಪಿಂಚಣಿ ನೋಡಿಕೊಳ್ಳುವುದು ರೈಲ್‌ರೋಡ್ ರಿಟೈರ್ಮೆಂಟ್ ಬೋರ್ಡ್. ಅದು ಬೇರೆಯೇ ವ್ಯವಸ್ಥೆ, ಅಲ್ಲಿ ತಪ್ಪು ಯಾರದು ಅಂತ ಕೇಳುವುದಿಲ್ಲ. ಆದರೆ ಕಾಯಿಲೆ ರಜೆಯ ಭತ್ಯೆ ಅಂತ ಬೋರ್ಡು ಕೊಟ್ಟಿದ್ದನ್ನು ಪರಿಹಾರ ಬಂದಮೇಲೆ ವಾಪಸ್ ಹಿಡಿದುಕೊಳ್ಳುತ್ತದೆ. ವಕೀಲರು ಸಾಮಾನ್ಯವಾಗಿ ಗೆದ್ದರೆ ಮಾತ್ರ ಫೀಸು ತೆಗೆದುಕೊಳ್ಳುತ್ತಾರೆ, ಬಂದದ್ದರಲ್ಲಿ ಒಂದು ಪಾಲು. ಯೂನಿಯನ್ನುಗಳು ತಮಗೆ ಗೊತ್ತಿರುವ ವಕೀಲರನ್ನು ಸದಸ್ಯರಿಗೆ ಸೂಚಿಸುವುದೂ ಹಳೇ ಪದ್ಧತಿ. ಅದು ತಪ್ಪಲ್ಲ ಅಂತ 1964ರಲ್ಲೇ ಸುಪ್ರೀಂ ಕೋರ್ಟಿನಿಂದ ಹೇಳಿಸಿಕೊಂಡಿದ್ದಾರೆ.

ಅಂಥ ವಕೀಲರು ಮೊದಲ ಭೇಟಿಯಲ್ಲಿ ಆಸ್ಪತ್ರೆಯ ಫೈಲಿನ ಜೊತೆಗೇ ಕೆಲಸದ ಇತಿಹಾಸ ಕೇಳುತ್ತಾರೆ: ಯಾವ ವರ್ಷ ಯಾವ ಯಾರ್ಡು, ಯಾವ ಎಂಜಿನ್ನು, ಪಕ್ಕದಲ್ಲಿ ಯಾರಿದ್ದರು, ಅವರು ಬದುಕಿದ್ದಾರಾ, ಡಬ್ಬದ ಮೇಲೆ ಏನು ಬರೆದಿತ್ತು, ಯಾರಿಗೆ ದೂರು ಹೇಳಿದ್ದಿರಿ. ಮತ್ತೆ, ಕ್ಯಾನ್ಸರ್ ಅಂತ ಡಾಕ್ಟರು ಹೇಳಿದ್ದು ಯಾವ ತಾರೀಖು.